ಮುಳುಗಿದ ಗದ್ದೆಗೆ ಬಯಕೆಯೂಟ

ರಿಪ್ಪನ್‌ಪೇಟೆಯಿಂದ ಮೂರು ಮೈಲಿ ಒಳಗೆ, ಕಾಡು ಕಡಿದು ಮಾಡಿದ ಕಲ್ಲುಕೊಪ್ಪದ ಕ್ಯಾಂಪಿನಲ್ಲಿ ಒಂದು ಸರ್ಕಾರಿ ಆಸ್ಪತ್ರೆ ಇತ್ತು. ಆಸ್ಪತ್ರೆ ಎಂದರೆ ದೊಡ್ಡದೇನೂ ಅಲ್ಲ. ತಗಡಿನ ಮಾಡಿನ ಮೂರು ಕೋಣೆ, ಆರು ಮಂಚ, ಒಬ್ಬ ಡಾಕ್ಟರು, ಒಬ್ಬ ಕಂಪೌಂಡರು ಮತ್ತು ಗುತ್ಯಮ್ಮ. ಕಾಗದದಲ್ಲಿ ಗುತ್ಯಮ್ಮನ ಹುದ್ದೆ ಆಯಾ. ಆ ಶಬ್ದವನ್ನು ಅವಳೆದುರು ಆಡಿದವರು ಮುಂದಿನ ಸಲ ಬಂದಾಗ ಬಾಗಿಲಲ್ಲೇ ಅರ್ಧ ಗಂಟೆ ಕಾಯಬೇಕಾಗುತ್ತಿತ್ತು. 'ನಾನು ಆಸ್ಪತ್ರೆಯವಳು' ಎಂದು ಅವಳು ಹೇಳಿಕೊಳ್ಳುತ್ತಿದ್ದಳು, ಜನವೂ ಹಾಗೇ ಹೇಳುವುದನ್ನು ಕಲಿತಿದ್ದರು.

ಹಾಗೆ ಹೇಳಿಸಿಕೊಳ್ಳಲು ಅವಳು ಇಪ್ಪತ್ತೆರಡು ವರ್ಷ ಮೈಮುರಿದು ದುಡಿದಿದ್ದಳು. ಹುಟ್ಟಿದ್ದು ಹೊಸನಗರದ ಕಡೆಯ ಒಂದು ಗೇಣಿ ಒಕ್ಕಲಿನ ಮನೆಯಲ್ಲಿ. ಹದಿನಾಲ್ಕಕ್ಕೆ ಮದುವೆ, ಹತ್ತೊಂಬತ್ತಕ್ಕೆ ಗಂಡ ಚಳಿಜ್ವರದಲ್ಲಿ ಹೋದ. ಮಕ್ಕಳಿರಲಿಲ್ಲ. ಸಾಗರದಲ್ಲಿ ಒಬ್ಬ ಸೂಲಗಿತ್ತಿ ನರ್ಸಮ್ಮನ ಮನೆಯಲ್ಲಿ ಪಾತ್ರೆ ತೊಳೆಯಲು ಸೇರಿದಳು. ನರ್ಸಮ್ಮನ ಪೆಟ್ಟಿಗೆ ಹೊತ್ತು ಮನೆಮನೆಗೆ ಹೆರಿಗೆಗೆ ಹೋಗುತ್ತ, ಹೊಕ್ಕುಳಬಳ್ಳಿ ಕತ್ತರಿಸುವುದರಿಂದ ಹಿಡಿದು ಥರ್ಮಾಮೀಟರ್ ಓದುವವರೆಗೆ ಎಲ್ಲವನ್ನೂ ಕಣ್ಣಲ್ಲೇ ಕಲಿತಳು. ಓದು ಬರಹ ಮೂರನೇ ಕ್ಲಾಸಿನಷ್ಟು, ಬುದ್ಧಿ ಮಾತ್ರ ಮೆಟ್ರಿಕ್ಕಿನಾಚೆ.

ಕಲಿತದ್ದರ ಜೊತೆಗೆ ಒಂದನ್ನು ಅವಳು ಮರೆಯಲೂ ಕಲಿತಿದ್ದಳು. ಸೇರಿದ ಮೊದಲ ವರ್ಷ, ಭೂಮಿ ಹುಣ್ಣಿಮೆಯ ಬೆಳಿಗ್ಗೆ, ನರ್ಸಮ್ಮನ ಹಿತ್ತಿಲ ಬಸಳೆ ಮಡಿಯಲ್ಲಿ ಒಂದು ಮುಷ್ಟಿ ಅನ್ನ, ಸೊಪ್ಪು ಹೂಳಲು ಹೋಗಿದ್ದಳು. ಮನೆಗೆ ಬಂದಿದ್ದ ನೆಂಟರು ಕಿಟಕಿಯಿಂದ ನೋಡಿ, ಮಣ್ಣಿಗೆ ತುತ್ತಿಡುವ ಪೆದ್ದಿಯನ್ನು ಎಲ್ಲಿಂದ ಹಿಡಿದು ತಂದಿರಿ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನರ್ಸಮ್ಮ ಬೈಯಲಿಲ್ಲ, ಅವರೂ ನಕ್ಕರು. ಅಂದಿನಿಂದ ಗುತ್ಯಮ್ಮ ಊರಿನ ಪದ್ಧತಿಗಳ ಸುದ್ದಿ ಬಂದರೆ, ಆ ಕಡೆ ಹುಟ್ಟಿದವಳೇ ಅಲ್ಲವೆಂಬಂತೆ ಬೇರೆ ಮಾತೆತ್ತುತ್ತಿದ್ದಳು.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದು, ಶರಾವತಿಯ ನೀರು ಹಿಂದಕ್ಕೆ ತಿರುಗಿ ಊರುಗಳನ್ನು ನುಂಗಿತಲ್ಲ, ಆಗ ಎದ್ದು ಬಂದ ಅರವತ್ತೆಂಟು ಮನೆಯವರನ್ನು ಕಲ್ಲುಕೊಪ್ಪದಲ್ಲಿ ಇಳಿಸಿದ್ದರು. ಆ ಜನರ ಮಾತು ತಿಳಿಯುವವರು ಬೇಕೆಂದು ಆ ಹೊತ್ತಿಗೆ ಸಾಗರದ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಗುತ್ಯಮ್ಮನನ್ನು ಅಲ್ಲಿಗೆ ಹಾಕಿದರು. ಡಾಕ್ಟರು ಮುಕುಂದಯ್ಯ ಮೈಸೂರಿನವರು. ಇಪ್ಪತ್ತೆಂಟು ವರ್ಷ, ಚಿನ್ನದ ಬಣ್ಣದ ಕನ್ನಡಕ, ಮನುಷ್ಯ ಅಪ್ಪಟ ಒಳ್ಳೆಯವರು. ಮನಸ್ಸಿನ ರೋಗದ ಬಗ್ಗೆ ಆರು ತಿಂಗಳು ಹೆಚ್ಚಿನ ಓದು ಮುಗಿಸಿ ಬಂದಿದ್ದರು. ಅಚ್ಚು ಹಾಕಿಸಿದ ಒಂದು ಪ್ರಶ್ನೆಯ ಕಾಗದ ಅವರ ಬಳಿ ಇತ್ತು, ಇಂಗ್ಲಿಷಿನದು. ಅದರಲ್ಲಿ ನಲವತ್ತು ಪ್ರಶ್ನೆ, ಪ್ರತಿಯೊಂದರ ಮುಂದೆ ಹೌದು, ಇಲ್ಲ ಎಂದು ಗುರುತು ಹಾಕಲು ಎರಡು ಚೌಕ. ಗುತ್ಯಮ್ಮನ ಕೆಲಸ ನೋಡಿ ಅವರು ಒಂದು ದಿನ, ನೀನು ಈ ಜನರ ಹಾಗಲ್ಲ ಗುತ್ಯಮ್ಮ, ನಿನಗೆ ವಿಚಾರ ತಿಳಿಯುತ್ತದೆ ಎಂದಿದ್ದರು. ಆ ಮಾತನ್ನು ಅವಳು ಗಂಟು ಕಟ್ಟಿ ಇಟ್ಟುಕೊಂಡಿದ್ದಳು.

ಸಾವಿರದ ಒಂಬೈನೂರ ಅರವತ್ತೈದನೆಯ ಇಸವಿ, ನವರಾತ್ರಿ ಮುಗಿದ ಮರುದಿನ, ಹುಲಿಯಪ್ಪ ಎಂಬ ರೈತ ತನ್ನ ಹೆಂಡತಿ ಹೂವಮ್ಮನನ್ನು ಕಂಬಳಿಯಲ್ಲಿ ಹೊತ್ತುಕೊಂಡು ಆಸ್ಪತ್ರೆಗೆ ತಂದ. ಮೂವತ್ತು ವರ್ಷದ ಹೆಂಗಸು, ತೂಕ ಎಪ್ಪತ್ತೆರಡು ಪೌಂಡು. ಜ್ವರವಿಲ್ಲ, ಕೆಮ್ಮಿಲ್ಲ, ಉಣ್ಣುವುದಿಲ್ಲ ಅಷ್ಟೆ. ವರ್ಷದಿಂದ ಊಟ ಇಳಿಸುತ್ತ ಬಂದವಳು ಈಗ ಗಂಡನ ಬಲವಂತಕ್ಕೆ ಗಂಜಿಯ ತಿಳಿ ನಾಲ್ಕು ಗುಟುಕು ಕುಡಿಯುತ್ತಿದ್ದಳು. ತನ್ನ ಪಾಲಿನ ಅನ್ನವನ್ನು ದಿನವೂ ಎಲೆಯಲ್ಲಿ ಕಟ್ಟಿ ಬಿಡಾರದ ಹಿಂದೆ ನೆಲ ಅಗೆದು ಹೂಳುತ್ತಿದ್ದಳು. ದೇಶಕ್ಕೆ ದೇಶವೇ ಅಕ್ಕಿಗೆ ಬಾಯಿಬಿಡುತ್ತಿದ್ದ ವರ್ಷ ಅದು. ರೇಷನ್ ಕಾರ್ಡಿನ ಅಕ್ಕಿ ವಾರದಲ್ಲಿ ನಾಲ್ಕು ದಿನಕ್ಕೂ ಸಾಲುತ್ತಿರಲಿಲ್ಲ. ಅಂಥದರಲ್ಲಿ ಅನ್ನ ಹೂಳುವವಳನ್ನು ಹುಚ್ಚಿ ಎನ್ನದೆ ಇನ್ನೇನೆನ್ನುತ್ತಾರೆ? ಕ್ಯಾಂಪಿನ ಹಿರಿಯ ವಾಸಪ್ಪ ಮಾತ್ರ ಹುಚ್ಚಲ್ಲ, ದೆವ್ವ ಎಂದ. ದೆವ್ವ ಬಿಡಿಸುವ ಗಾಡಿಗನನ್ನು ಕರೆಸಿ ಹುಣಸೆ ಬರಲಿನಲ್ಲಿ ಹೊಡೆಸಿದ್ದೂ ಆಗಿತ್ತು. ಬೆನ್ನಿನ ಬಾಸುಂಡೆ ನೋಡಿ ಮುಕುಂದಯ್ಯನವರ ಕಣ್ಣು ಕೆಂಪಗಾಯಿತು. ಇವಳನ್ನು ಈ ಮೂಢರ ಕೈಯಿಂದ ಬಿಡಿಸಲೇಬೇಕು ಎಂದು ಅವರು ಆಗಲೇ ನಿಶ್ಚಯಿಸಿಬಿಟ್ಟರು.

ಅವರು ಮೇಜಿನ ಮೇಲೆ ಪ್ರಶ್ನೆಯ ಕಾಗದ ಹರಡಿ ಕುಳಿತರು. ಹೂವಮ್ಮ ಅವರ ಕಡೆ ನೋಡಲೇ ಇಲ್ಲ. ಪಕ್ಕದಲ್ಲಿ ನಿಂತ ಗುತ್ಯಮ್ಮನ ಮುಖ ನೋಡಿ, ಮಾತೆಲ್ಲ ಅವಳಿಗೇ ಎಂಬಂತೆ ಹೇಳಿದಳು. ಯಾರಾದರೂ ಕರೆದಂತೆ ಕೇಳಿಸುತ್ತದೆಯೇ ಎಂದು ಡಾಕ್ಟರು ಕೇಳಿದರು. ಕೇಳಿಸುತ್ತದೆ, ಹಸಿದು ಕೂಗುತ್ತಾಳೆ ಎಂದಳು. ಡಾಕ್ಟರು ಹೌದು ಎಂಬ ಚೌಕದಲ್ಲಿ ಗುರುತು ಹಾಕಿದರು. ತಪ್ಪು ಮಾಡಿದೆ ಅನ್ನಿಸುತ್ತದೆಯೇ ಎಂದರು. ಅನ್ನಿಸುತ್ತದೆ ಎಂದಳು, ಮತ್ತೊಂದು ಗುರುತು. ಅನ್ನ ಯಾರಿಗಾಗಿ ಹೂಳುತ್ತೀಯ ಎಂದರು.

"ಅವ್ಳಿಗೆ. ಬಸ್ರಿ ಅಲ್ದಾ ಅವ್ಳು" ಎಂದಳು ಹೂವಮ್ಮ.

ಮುಕುಂದಯ್ಯ ತಲೆಯೆತ್ತಿ ಗುತ್ಯಮ್ಮನನ್ನು ನೋಡಿದರು. ಅವಳು ಎಂದರೆ ಯಾರು, ನಿನಗೇನಾದರೂ ಗೊತ್ತೇ ಎಂದು ಕೇಳಿದರು.

ಗುತ್ಯಮ್ಮನಿಗೆ ಗೊತ್ತಿತ್ತು. ತಾಯಿಯ ಹಾಲಿನ ಜೊತೆ ಕುಡಿದದ್ದು ಗೊತ್ತಿಲ್ಲದೆ ಎಲ್ಲಿ ಹೋಗುತ್ತದೆ? ಆಶ್ವಯುಜದ ಭೂಮಿ ಹುಣ್ಣಿಮೆಯ ಹೊತ್ತಿಗೆ ಪೈರು ಹೊಡೆ ತುಂಬಿ ನಿಲ್ಲುತ್ತದೆ. ಅಂದರೆ ಭೂಮಿ ಬಸುರಿ. ಬಸುರಿಗೆ ಬಯಕೆಯೂಟ ಹಾಕಬೇಕು. ಮನೆಯ ಹೆಂಗಸು ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತಾಳೆ. ಕಾಡಿನ, ಹಿತ್ತಿಲಿನ ನೂರು ಬಗೆ ಸೊಪ್ಪು ಬೇಯಿಸುತ್ತಾಳೆ. ಬೆಳಕು ಹರಿಯುವ ಮೊದಲು ಬುಟ್ಟಿ ಗದ್ದೆಗೆ ಹೋಗುತ್ತದೆ, ಅಂಬಲಿ ಎರಚುತ್ತಾರೆ, ಕಡುಬು ಹೂಳುತ್ತಾರೆ. ಆ ದಿನ ಭೂಮಿ ಉಣ್ಣದೆ ಮನೆಯಲ್ಲಿ ಯಾರೂ ಬಾಯಿಗೆ ತುತ್ತು ಇಡುವಂತಿಲ್ಲ. ಇಷ್ಟೂ ಗುತ್ಯಮ್ಮನ ನಾಲಿಗೆಯ ತುದಿಗೆ ಬಂತು. ಅದರ ಜೊತೆಗೇ ನರ್ಸಮ್ಮನ ಕಿಟಕಿಯ ನಗುವೂ ಬಂತು. ಡಾಕ್ಟರ ಕನ್ನಡಕ ಅವಳನ್ನೇ ನೋಡುತ್ತಿತ್ತು.

"ಗೊತ್ತಿಲ್ಲ ಸಾರ್. ಏನೋ ತಲೆಕೆಟ್ಟ ಮಾತು" ಎಂದುಬಿಟ್ಟಳು.

ಡಾಕ್ಟರು ಕಾಗದ ಮಡಚಿದರು. ಬೆಂಗಳೂರಿನ ಮನೋರೋಗದ ದೊಡ್ಡ ಆಸ್ಪತ್ರೆಗೆ ಅಂದೇ ಪತ್ರ ಬರೆದರು. ಸೋಮವಾರ ಜೀಪು ಬರಬೇಕು, ಹೂವಮ್ಮನನ್ನು ಕರೆದೊಯ್ಯಬೇಕು. ಎಷ್ಟು ದಿನ ಎಂದು ಹುಲಿಯಪ್ಪ ಕೇಳಿದ. ಆರು ತಿಂಗಳಾಗಬಹುದು, ವರ್ಷವೂ ಆಗಬಹುದು ಎಂದರು. ಹುಲಿಯಪ್ಪ ಆಚೆ ಹೋಗಿ ತಗಡಿಗೆ ಒರಗಿ ನಿಂತು ಬಿಕ್ಕಿ ಬಿಕ್ಕಿ ಅತ್ತ. ಐದು ವರ್ಷದ ಮಗಳನ್ನು ಏನು ಮಾಡಲಿ ಎಂದು ಅವನು ಕೇಳಿದಾಗ ಗುತ್ಯಮ್ಮ ಸಿರಿಂಜು ಕುದಿಸುವ ನೆಪದಲ್ಲಿ ಬೆನ್ನು ತಿರುಗಿಸಿದಳು.

ಅಂದು ಸಂಜೆ ಹೂವಮ್ಮನ ಹಾಸಿಗೆ ಸರಿಮಾಡಲು ಹೋದಾಗ ದಿಂಬಿನ ಕೆಳಗೆ ಒಂದು ಎಲೆಯ ಪೊಟ್ಟಣ ಸಿಕ್ಕಿತು. ಆಸ್ಪತ್ರೆಯಲ್ಲಿ ಕೊಟ್ಟ ಅನ್ನವೇ. ಅದರಲ್ಲಿ ಅಂಗಳದಲ್ಲಿ ಬೆಳೆದ ಒಂದೆಲಗದ ಎಲೆಗಳನ್ನೂ ಕೆಸುವಿನ ಚಿಗುರನ್ನೂ ಕಲಸಿ ಕಟ್ಟಿದ್ದಳು. ಏಳಲೂ ತ್ರಾಣವಿಲ್ಲದವಳು ಅಂಗಳದವರೆಗೆ ತೆವಳಿಕೊಂಡು ಹೋಗಿ ಸೊಪ್ಪು ಕಿತ್ತು ತಂದಿದ್ದಳು.

"ಗೊತ್ತಿಲ್ಲ ಅಂದ್ಯಲ್ಲಕ್ಕ" ಎಂದಳು ಹೂವಮ್ಮ. ಸಿಟ್ಟಿನಿಂದಲ್ಲ, ಆಶ್ಚರ್ಯದಿಂದ. "ನಿಮ್ಮನೆ ಬುಟ್ಟಿ ಯಾರು ಬರೀತಿದ್ರು?"

ಗುತ್ಯಮ್ಮ ಪೊಟ್ಟಣವನ್ನು ಮತ್ತೆ ದಿಂಬಿನ ಕೆಳಗೇ ಇಟ್ಟಳು. ಮಂಚದ ಅಂಚಿನಲ್ಲಿ ಕುಳಿತಳು. ಬರೆಯುತ್ತಿದ್ದುದು ತಾನೇ ಎಂದು ಒಪ್ಪಿಕೊಂಡಳು. ಆಮೇಲೆ ಹೂವಮ್ಮ ಹೇಳುತ್ತ ಹೋದಳು, ಗುತ್ಯಮ್ಮ ಕೇಳುತ್ತ ಹೋದಳು. ಕಳೆದ ವರ್ಷ ನೀರು ಇಷ್ಟು ಬೇಗ ಬರುವುದಿಲ್ಲವೆಂದು ನಂಬಿ ನಟ್ಟಿ ಮಾಡಿದ್ದರು. ಪೈರು ಕರಿ ಹಸಿರಾಗಿ ಎದ್ದಿತ್ತು. ಶ್ರಾವಣದಲ್ಲಿ ಒಂದೇ ವಾರದೊಳಗೆ ನೀರು ಅಂಚಿನಿಂದ ಅಂಚಿಗೆ ಹತ್ತಿತು, ಲಾರಿ ಬಂತು, ಪಾತ್ರೆಪಗಡ ಹೇರಿ ಹೊರಟರು. ಬಸುರಾದವಳನ್ನು ನೀರಿನಲ್ಲಿ ಬಿಟ್ಟು ಬಂದರು. ಹುಣ್ಣಿಮೆ ಬಂತು, ಕ್ಯಾಂಪಿನಲ್ಲಿ ಒಬ್ಬರೂ ಬುಟ್ಟಿ ಇಳಿಸಲಿಲ್ಲ. ಗದ್ದೆ ಇಲ್ಲದವರಿಗೆ ಎಂಥ ಹುಣ್ಣಿಮೆ ಎಂದರು. ಹೂವಮ್ಮನಿಗೆ ಹಾಗೆನ್ನಲು ಆಗಲಿಲ್ಲ. ಆ ಬಸುರಿ ಉಣ್ಣದೆ ನಾನು ಹೇಗೆ ಉಣ್ಣಲಿ ಎಂದು ಕೇಳಿದಳು, ಅಷ್ಟೆ. ಎಲ್ಲರ ಪಾಲಿಗೆ ಮುಗಿದ ಆ ದಿನ ಅವಳ ಪಾಲಿಗೆ ಮುಗಿದೇ ಇರಲಿಲ್ಲ. ಈ ನೆಲದಲ್ಲಿ ಹೂತದ್ದು ಆ ಗದ್ದೆಗೆ ಮುಟ್ಟುತ್ತದೋ ಇಲ್ಲವೋ ಎಂದು ದಿನವೂ ಹೂತಳು. ಕೂಗು ನಿಲ್ಲಲಿಲ್ಲ.

ಇದರಲ್ಲಿ ಹುಚ್ಚೆಲ್ಲಿದೆ? ಎದುರಿಗೆ ಬಸುರಿ ಹಸಿದು ಕೂತಿದ್ದರೆ ಯಾವ ಮರ್ಯಾದಸ್ಥ ಹೆಂಗಸು ತಟ್ಟೆ ಎಳೆದುಕೊಂಡು ಕೂರುತ್ತಾಳೆ? ಗುತ್ಯಮ್ಮ ಇನ್ನೂರು ಹೆರಿಗೆ ಮಾಡಿಸಿದ ಕೈಯವಳು. ಬಯಕೆ ತೀರದ ಬಸುರಿಯ ಮುಖ ಹೇಗಿರುತ್ತದೆಂದು ಬಲ್ಲಳು. ಅವಳಿಗೆ ತನ್ನ ಮೇಲೆ ಬಂದ ಸಿಟ್ಟು ಹುಣಸೆ ಬರಲಿನ ಗಾಡಿಗನ ಮೇಲೂ ಬಂದಿರಲಿಲ್ಲ. ಅವನು ತಿಳಿಯದೆ ಹೊಡೆದ, ನಾನು ತಿಳಿದೂ ತಿಳಿದೂ ಇವಳನ್ನು ಜೀಪಿಗೆ ಹತ್ತಿಸಹೊರಟೆ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಡಾಕ್ಟರು ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಅವಳು ಎದುರಿಗೆ ನಿಂತಳು. ನಿನ್ನೆ ಸುಳ್ಳು ಹೇಳಿದೆ ಎಂದಳು. ಆಮೇಲೆ ಬುಟ್ಟಿ, ಬಯಕೆ, ಕಡುಬು, ಉಪವಾಸ, ಒಂದನ್ನೂ ಬಿಡದೆ ಹೇಳಿದಳು. ಮುಕುಂದಯ್ಯ ಕನ್ನಡಕ ತೆಗೆದು ಒರೆಸಿದರು, ಹಾಕಿದರು, ಮತ್ತೆ ತೆಗೆದರು. ಪದ್ಧತಿ ಇರಬಹುದು ಗುತ್ಯಮ್ಮ, ಆದರೆ ಅರವತ್ತೆಂಟು ಮನೆಯವರಿಗೂ ಅದೇ ಪದ್ಧತಿ, ಮಿಕ್ಕವರು ಉಣ್ಣುತ್ತಿದ್ದಾರಲ್ಲ ಎಂದರು. ಆ ಪ್ರಶ್ನೆ ಸರಿಯಾದದ್ದೇ. ಗುತ್ಯಮ್ಮ ಅದಕ್ಕೂ ಉತ್ತರ ಹುಡುಕಿಕೊಂಡು ಬಂದಿದ್ದಳು. ಮಿಕ್ಕವರ ಮನೆಯಲ್ಲಿ ಅತ್ತೆಯೋ ಅಜ್ಜಿಯೋ ಇದ್ದಾರೆ, ತಪ್ಪಿನ ಹೊರೆ ಹಂಚಿಹೋಗುತ್ತದೆ. ಹುಲಿಯಪ್ಪನ ಮನೆಯಲ್ಲಿ ಬುಟ್ಟಿ ಬರೆಯುವ ಕೈ ಇವಳದೊಂದೇ. ಅತ್ತೆ ಸಾಯುವಾಗ ಈ ಕೆಲಸವನ್ನು ಇವಳ ಕೈಗೆ ಒಪ್ಪಿಸಿ ಸತ್ತಿದ್ದಾಳೆ. ಜೊತೆಗೆ ಅವಳು ಇನ್ನೊಂದು ಮಾತು ಸೇರಿಸಿದಳು: ಮಿಕ್ಕವರು ಉಣ್ಣುತ್ತಾರೆ ನಿಜ, ನೆಮ್ಮದಿಯಾಗಿ ಉಣ್ಣುತ್ತಾರೆಂದು ನಿಮಗೆ ಯಾರು ಹೇಳಿದರು?

ಪತ್ರ ಹೋಗಿಯಾಗಿದೆ, ಸೋಮವಾರ ಜೀಪು ಬರುತ್ತದೆ ಎಂದರು ಡಾಕ್ಟರು.

"ಭಾನುವಾರ ಹುಣ್ಣಿಮೆ ಸಾರ್" ಎಂದಳು ಗುತ್ಯಮ್ಮ. "ಅಷ್ಟು ದಿನ ನಂಗೆ ಬಿಡಿ. ಅವ್ಳು ಉಣ್ಲಿಲ್ಲ ಅಂದ್ರೆ ಸೋಮವಾರ ಅವ್ಳ ಜೊತೆ ನನ್ನೂ ಕೆಲ್ಸದಿಂದ ಕಳ್ಸಿ."

ಮುಕುಂದಯ್ಯ ಕನ್ನಡಕ ಹಾಕಿಕೊಂಡರು. ಮೇಜಿನ ಮೇಲಿದ್ದ ಹೂವಮ್ಮನ ಪ್ರಶ್ನೆಯ ಕಾಗದ ಬಿಡಿಸಿದರು, ಗುರುತು ಹಾಕಿದ ಚೌಕಗಳೆಲ್ಲ ಕಾಣುತ್ತಿದ್ದವು. ಒಳ್ಳೆಯ ಮನುಷ್ಯ ಎಂದು ಮೊದಲೇ ಹೇಳಿದೆನಲ್ಲ, ಅದು ಸುಳ್ಳಲ್ಲ. ದೊಡ್ಡ ಓದು ಓದಿದವರಲ್ಲಿ ಅಪರೂಪದ ಒಂದು ಗುಣ ಅವರಲ್ಲಿತ್ತು, ತಿಳಿಯದ್ದನ್ನು ತಿಳಿಯದು ಎನ್ನುತ್ತಿದ್ದರು.

"ನಲವತ್ತು ಪ್ರಶ್ನೆ ಕೇಳಿದೆ, ಕೇಳಬೇಕಾದ್ದನ್ನು ಕೇಳಲಿಲ್ಲ" ಎಂದರು. "ಇದಕ್ಕೆ ನಿಮ್ಮ ಕಡೆ ಏನು ಮಾಡುತ್ತಾರೆ? ನೀವು ಹೇಳಿ." ಗುತ್ಯಮ್ಮನಿಗೆ ಅವರು ನೀವು ಎಂದದ್ದು ಅದೇ ಮೊದಲು.

ಏನು ಮಾಡಬೇಕೆಂಬುದು ನಿಜ ಹೇಳಬೇಕೆಂದರೆ ಗುತ್ಯಮ್ಮನಿಗೂ ತಿಳಿದಿರಲಿಲ್ಲ. ಗದ್ದೆ ಮೂವತ್ತು ಅಡಿ ನೀರಿನ ಕೆಳಗೆ. ಅವಳು ವಾಸಪ್ಪನ ಬಿಡಾರಕ್ಕೆ ಹೋದಳು. ಹೆಂಗಸರೂ ಸೇರಿದರು. ವಾಸಪ್ಪ ಎಲೆಅಡಿಕೆ ಜಗಿಯುತ್ತ ತಲೆಯಲ್ಲಾಡಿಸಿದ. ಹೊಸ ನೆಲದಲ್ಲಿ ಎಡೆ ಇಟ್ಟರೆ ಆಗದು, ಇವಳು ಬೇರೆ, ಅವಳು ಬೇರೆ, ಒಬ್ಬಳ ಬಯಕೆಯನ್ನು ಇನ್ನೊಬ್ಬಳಿಗೆ ಉಣ್ಣಿಸಿದಂತಾಗುತ್ತದೆ. ನೀರಿಗೆ ಹಾಕಿದರೂ ಆಗದು, ಅದು ಗಂಗೆಗೆ ಹೋಯಿತು, ಭೂಮಿಗೆ ಮುಟ್ಟಲಿಲ್ಲ. ವಾಸಪ್ಪನ ಲೆಕ್ಕ ತಪ್ಪೆನ್ನುವಂತಿರಲಿಲ್ಲ. ಪದ್ಧತಿಯೆಂದರೆ ಪದ್ಧತಿ, ಕಚೇರಿಯವರು ಅರ್ಜಿಯಲ್ಲಿ ಒಂದು ಅಕ್ಷರ ತಪ್ಪಿದರೆ ಒಪ್ಪುತ್ತಾರೆಯೇ?

ಗುತ್ಯಮ್ಮ ಕೇಳಿದಳು, ಅಂದರೆ ಮಣ್ಣಿಗೆ ಮುಟ್ಟಿದರೆ ಸಾಕು ತಾನೆ? ಸಾಕು ಎಂದ ವಾಸಪ್ಪ. ನಡುವೆ ಎಷ್ಟು ನೀರಿದ್ದರೂ? ವಾಸಪ್ಪ ಜಗಿಯುವುದನ್ನು ನಿಲ್ಲಿಸಿದ.

"ಕಡುಬಿಗೆ ಕಲ್ಲು ಕಟ್ಟಿ ಇಳ್ಸಿರೆ ಆಯ್ತು" ಎಂದಳು ಗುತ್ಯಮ್ಮ. "ಹಗ್ಗ ಸಡ್ಲಾದ್ರೆ ಮಣ್ಣು ಮುಟ್ತು ಅಂತ ಲೆಕ್ಕ."

ವಾಸಪ್ಪ ಎದ್ದು ಹೋಗಿ ಉಗುಳಿ ಬಂದ. ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂಬ ಬೇಸರ ಅವನ ಮುಖದಲ್ಲಿ ಕಾಣುತ್ತಿತ್ತು. ಆಗಬಹುದು ಎಂದ. ಅವನು ಆಗಬಹುದು ಎಂದ ಮೇಲೆ ಆಯಿತು. ಅಷ್ಟು ಹೊತ್ತು ಬಾಯಿಗೆ ಸೆರಗು ಹಿಡಿದು ಕೂತಿದ್ದ ಹೆಂಗಸರಲ್ಲಿ ಒಬ್ಬಳು, ನಮ್ಮ ಗದ್ದೆಯ ಹೆಸರಲ್ಲೂ ಒಂದು ಕಡುಬು ಬಿಡುತ್ತೀಯಾ ಎಂದು ಗುತ್ಯಮ್ಮನ ಕೈ ಹಿಡಿದಳು. ಆಮೇಲೆ ಇನ್ನೊಬ್ಬಳು ಕೇಳಿದಳು, ಮತ್ತೊಬ್ಬಳು ಕೇಳಿದಳು. ನೆಮ್ಮದಿಯಾಗಿ ಉಣ್ಣುತ್ತಿದ್ದವರು ಆ ಕ್ಯಾಂಪಿನಲ್ಲಿ ಯಾರೂ ಇರಲಿಲ್ಲ.

ಹೂವಮ್ಮನಿಗೆ ಸುದ್ದಿ ಹೇಳಿದಾಗ ಅವಳು ಮೊದಲು ಕೇಳಿದ್ದು ಕೆಮ್ಮಣ್ಣು. ಬಿದಿರಿನ ಹೊಸ ಬುಟ್ಟಿ ತಂದು ಕೊಟ್ಟರು. ಆಸ್ಪತ್ರೆಯ ಮಂಚದ ಮೇಲೆಯೇ ಗೋಡೆಗೊರಗಿ ಕುಳಿತು ಅದಕ್ಕೆ ಕೆಮ್ಮಣ್ಣು ಬಳಿದಳು. ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ ಗೆರೆ ಎಳೆಯತೊಡಗಿದಳು. ನಾಲ್ಕು ಗೆರೆ ಎಳೆದು ಸುಸ್ತಾಗಿ ಕಣ್ಣು ಮುಚ್ಚುವಳು, ಮತ್ತೆ ನಾಲ್ಕು ಎಳೆಯುವಳು. ಮುಕುಂದಯ್ಯ ಬಾಗಿಲಲ್ಲಿ ನಿಂತು ನೋಡಿದರು. ಮೊನ್ನೆ ಕೈ ಚಾಚು ಎಂದಾಗ ಗಡಗಡ ನಡುಗಿದ ಬೆರಳುಗಳು ಅವೇ. ಗೆರೆ ಒಂದು ಕೂದಲಿನಷ್ಟೂ ಓರೆಯಾಗಿರಲಿಲ್ಲ. ಆಸ್ಪತ್ರೆಯ ಹಾಸಿಗೆಗೆಲ್ಲ ಕೆಮ್ಮಣ್ಣಾಯಿತೆಂದು ಕಂಪೌಂಡರು ಗೊಣಗಿದ. ಡಾಕ್ಟರು ಅವನಿಗೆ ಮಾಡಲು ಬೇರೆ ಕೆಲಸ ಕೊಟ್ಟು ಕಳಿಸಿದರು.

ಶನಿವಾರ ಬಸ್ಸಿನಲ್ಲಿ ಸಾಗರ, ಅಲ್ಲಿಂದ ಗಾಡಿಯಲ್ಲಿ ಹೊನ್ನೆಮರಡು. ಹಿನ್ನೀರಿನ ದಡದಲ್ಲಿ ಹುಲಿಯಪ್ಪನ ನೆಂಟ ಜಟ್ಟಿಂಗಪ್ಪನ ಮನೆ, ಅವನಿಗೊಂದು ದೋಣಿ. ಇಂಥ ರೋಗಿಯನ್ನು ಡಾಕ್ಟರಿಲ್ಲದೆ ಕಳಿಸುವುದು ವೈದ್ಯಧರ್ಮವಲ್ಲವೆಂದು ಮುಕುಂದಯ್ಯನವರೂ ಹೊರಟು ಬಂದಿದ್ದರು. ಗುತ್ಯಮ್ಮ ಅಡುಗೆಗೆ ನಿಂತಳು. ಕ್ಯಾಂಪಿನ ಮನೆಗಳಿಂದ ಕಾರ್ಡಿನ ಅಕ್ಕಿಯಲ್ಲಿ ಒಂದೊಂದು ಹಿಡಿ ಬಂದಿತ್ತು, ಕಾಡಿನ ಸೊಪ್ಪನ್ನೆಲ್ಲ ಹೆಂಗಸರು ಆರಿಸಿ ಕೊಟ್ಟಿದ್ದರು. ಇಪ್ಪತ್ತೆರಡು ವರ್ಷ ಮುಟ್ಟದ ಅಡುಗೆ. ಯಾವುದರ ಹಿಂದೆ ಯಾವುದು ಎಂದು ಅವಳ ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ. ಹೂವಮ್ಮ ಒಲೆಯ ಪಕ್ಕ ಮಲಗಿಕೊಂಡೇ, ಅಮಟೆಕಾಯಿ ಹಾಕಿದ್ಯಾ, ಹಾಗಲ ಹಾಕಿದ್ಯಾ ಎಂದು ಅತ್ತೆಯ ಗತ್ತಿನಲ್ಲಿ ವಿಚಾರಿಸುತ್ತಿದ್ದಳು.

ಮೂಡಲು ಕೆಂಪಾಗುವ ಹೊತ್ತಿಗೆ ದೋಣಿ ನೀರಿಗಿಳಿಯಿತು. ಜಟ್ಟಿಂಗಪ್ಪ ಹುಟ್ಟು ಹಾಕುತ್ತಿದ್ದ, ಹುಲಿಯಪ್ಪ ಮೂತಿಯಲ್ಲಿ ನಿಂತಿದ್ದ, ಹೂವಮ್ಮ ಬುಟ್ಟಿ ತಬ್ಬಿಕೊಂಡು ನಡುವೆ ಕುಳಿತಿದ್ದಳು. ಈಜು ಬಾರದ ಡಾಕ್ಟರು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದಿದ್ದರು. ಅವರ ಬರೆಯುವ ಪುಸ್ತಕವನ್ನು ಗುತ್ಯಮ್ಮ ದಡದಲ್ಲೇ ಇಡಿಸಿದ್ದಳು. ಕಣಿವೆ ತುಂಬ ಹರಡಿದ್ದ ಊರು ಎಲ್ಲಿ ಹೋಯಿತೋ, ಎಲ್ಲಿ ನೋಡಿದರೂ ನೀರು. ಅಲ್ಲಲ್ಲಿ ಒಣಮರಗಳ ತುದಿ ಮೇಲೆ ಕಾಣುತ್ತಿತ್ತು. ಒಂದು ಹೊನ್ನೆ ಮರದ ಹತ್ತಿರ ಹುಲಿಯಪ್ಪ ಕೈಯೆತ್ತಿದ. ಇಲ್ಲೇ ನಮ್ಮ ಗದ್ದೆ ಎಂದ. ಜಟ್ಟಿಂಗಪ್ಪನೂ ಹೌದು ಎಂದ.

"ಇನ್ನೂ ಆಚೆ" ಎಂದಳು ಹೂವಮ್ಮ. "ಇದು ಕೆಳಗಿನ ಮನೆಯೋರ ಗದ್ದೆ. ನಮ್ಮ ಗದ್ದೆ ಅಂಚಲ್ಲಿ ನಿಂತ್ರೆ ಆ ಗುಡ್ಡದ ನೆತ್ತಿ ಈ ಮರದ ಎಡಕ್ಕೆ ಕಾಣ್ಬೇಕು."

ಗಂಡಸರಿಬ್ಬರೂ ಗುಡ್ಡ ನೋಡಿದರು, ಮರ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಲಿಯಪ್ಪ ನಾಚಿಕೆಯಿಂದ ಕುತ್ತಿಗೆ ಕೆರೆದುಕೊಂಡ. ದೋಣಿ ಇನ್ನೂ ಇಪ್ಪತ್ತು ಮಾರು ಮುಂದೆ ಹೋಯಿತು. ಗುಡ್ಡದ ನೆತ್ತಿ ಮರದ ಎಡಕ್ಕೆ ಸರಿಯಿತು. ಹೂವಮ್ಮ ಕೈಯೆತ್ತಿ ಸಾಕೆಂದಳು.

ಹುಲಿಯಪ್ಪ ಅಂಬಲಿ ಎರಚುತ್ತ, ಉಂಡು ಹೋಗು ತಾಯಿ ಎಂದು ದನಿಯೆತ್ತಿ ಕೂಗಿದ. ಮೊದಲ ಸಲ ಅವನೊಬ್ಬನೇ ಕೂಗಿದ. ಎರಡನೆಯ ಸಲ ಜಟ್ಟಿಂಗಪ್ಪ ಸೇರಿದ, ಮೂರನೆಯ ಸಲ ಗುತ್ಯಮ್ಮನ ದನಿಯೇ ಎಲ್ಲರಿಗಿಂತ ಎತ್ತರದಲ್ಲಿತ್ತು. ಹೂವಮ್ಮ ಎಲೆಯಲ್ಲಿ ಬೇಯಿಸಿ ಕಲ್ಲು ಕಟ್ಟಿದ ಕೊಟ್ಟೆ ಕಡುಬನ್ನು ಎರಡು ಕೈಯಲ್ಲಿ ನೀರಿಗೆ ಇಳಿಸಿ ಹಗ್ಗ ಬಿಡುತ್ತ ಹೋದಳು. ಹಗ್ಗ ಓಡಿತು, ಓಡುತ್ತಲೇ ಇತ್ತು. ಹಗ್ಗ ಮುಗಿಯುತ್ತ ಬಂದದ್ದನ್ನು ಕಂಡು ಗುತ್ಯಮ್ಮ ಅದರ ತುದಿ ಹಿಡಿದುಕೊಂಡಳು. ಇನ್ನೊಂದು ಮಾರು ಉಳಿದಿದೆ ಎನ್ನುವಾಗ ಅದು ಹೂವಮ್ಮನ ಬೆರಳುಗಳಲ್ಲಿ ಸಡಿಲವಾಯಿತು.

"ಮುಟ್ತು" ಎಂದಳು ಹೂವಮ್ಮ.

ಅವಳು ಅತ್ತಳು, ಹುಲಿಯಪ್ಪ ಅತ್ತ, ಗುತ್ಯಮ್ಮನಂತೂ ಆಸ್ಪತ್ರೆಯ ಗತ್ತನ್ನೆಲ್ಲ ಮರೆತು ಗೊಳೋ ಎಂದಳು. ಮಿಕ್ಕ ಮನೆಗಳ ಕಡುಬುಗಳನ್ನು ಒಂದೊಂದಾಗಿ ಅವರವರ ಗದ್ದೆಯ ಹೆಸರು ಹೇಳಿ ಇಳಿಸಿದರು. ಬಿಸಿಲು ಬಂತು. ಆಗ ಹೂವಮ್ಮ ಯಾರೂ ಹೇಳದೆಯೇ ಬುಟ್ಟಿಗೆ ಕೈ ಹಾಕಿದಳು. ಸೊಪ್ಪು ಕಲಸಿದ ಅನ್ನ ಒಂದು ತುತ್ತು ತೆಗೆದು ಬಾಯಿಗಿಟ್ಟುಕೊಂಡಳು. ಮೆಲ್ಲಗೆ ಜಗಿದು ನುಂಗಿದಳು. ಎರಡನೆಯ ತುತ್ತು ಗುತ್ಯಮ್ಮನ ಬಾಯಿಗಿಟ್ಟು, ನೀನೂ ಉಣ್ಣಕ್ಕ, ಎಷ್ಟು ವರ್ಷದ ಹಸಿವೋ ಎಂದಳು. ಗುತ್ಯಮ್ಮ ಅದನ್ನು ಉಂಡು, ತಾನೂ ಬುಟ್ಟಿಗೆ ಕೈ ಹಾಕಿದಳು.

ಮುಕುಂದಯ್ಯ ದೋಣಿಯ ಅಂಚು ಬಿಟ್ಟಿದ್ದರು. ಅದು ಅವರಿಗೇ ತಿಳಿದಿರಲಿಲ್ಲ. ಹೂವಮ್ಮ ಮೊದಲ ಬಾರಿಗೆ ಅವರ ಮುಖ ನೋಡಿದಳು.

"ಇಬ್ರೂ ಉಂಡ್ವಿ ಅಂತ ಬರ್ಕಳಿ ಡಾಕ್ಟ್ರೆ" ಎಂದು ನೀರಿನ ಕಡೆಗೂ ತನ್ನ ಕಡೆಗೂ ಕೈ ತೋರಿಸಿದಳು.

ದಡಕ್ಕೆ ಬಂದೊಡನೆ ಅವರು ಅದನ್ನೇ ಬರೆದರು, ಇಂಗ್ಲಿಷಿನ ಕಾಗದದ ಬುಡದಲ್ಲಿ, ಕನ್ನಡದಲ್ಲಿ. ಆಮೇಲೆ ರಕ್ತ ಹೆಚ್ಚಲು ಟಾನಿಕ್ಕೂ ಬರೆದುಕೊಟ್ಟರು. ಗುತ್ಯಮ್ಮ ಅದನ್ನು ದಿನಕ್ಕೆರಡು ಸಲ ಚಮಚ ಅಳೆದು ಕುಡಿಸಿದಳು, ಯಾಕೆಂದರೆ ಅವಳು ಆಸ್ಪತ್ರೆಯವಳು. ಮುಂದೆ ಮುಕುಂದಯ್ಯನವರ ಪ್ರಶ್ನೆಗಳು ನಲವತ್ತೊಂದಾದವು. ಕೈಬರಹದ ಆ ಒಂದು ಪ್ರಶ್ನೆಯನ್ನು ಅವರು ಎಲ್ಲಕ್ಕಿಂತ ಮೊದಲು ಕೇಳುತ್ತಿದ್ದರು: ಇದಕ್ಕೆ ನಿಮ್ಮ ಕಡೆ ಏನಂತಾರೆ, ಏನು ಮಾಡ್ತಾರೆ? ಕೇಳುವಾಗ ಪಕ್ಕದ ಕುರ್ಚಿಯಲ್ಲಿ ಗುತ್ಯಮ್ಮ ಕೂತಿರಬೇಕೆಂಬುದು ಆಸ್ಪತ್ರೆಯ ನಿಯಮವೇ ಆಗಿಹೋಯಿತು.

ಸೋಮವಾರ ಹೇಳಿದ ಹೊತ್ತಿಗೆ ಜೀಪು ಬಂತು. ಡ್ರೈವರ್ ಇಳಿದು, ದಾರಿ ಕೆಟ್ಟದ್ದು, ಹಸಿವು ಜೋರು ಎಂದ. ಆಸ್ಪತ್ರೆಯ ಜಗಲಿಯಲ್ಲಿ ಗೋಡೆ ಹಿಡಿದು ನಿಂತಿದ್ದ ತೆಳ್ಳನೆಯ ಹೆಂಗಸೊಬ್ಬಳು ಅವನನ್ನು ಕೂರಿಸಿ, ಎಲೆ ಹಾಕಿ, ಎರಡು ಕಡುಬು ಬಡಿಸಿದಳು. ಸಾಲದೆ ಹೋದೀತೆಂದು ಮೂರನೆಯದನ್ನೂ ಹಾಕಿದಳು. ಅವನು ಕೈ ತೊಳೆದು, ಸರಿ, ಬೆಂಗಳೂರಿಗೆ ಕರೆದೊಯ್ಯಬೇಕಾದ ಹುಚ್ಚಿ ಎಲ್ಲಿ ಎಂದು ಗುತ್ಯಮ್ಮನನ್ನು ಕೇಳಿದ.

"ಈಗ ನಿಂಗೆ ಬಡ್ಸಿದ್ಳಲ್ಲ, ಅವ್ಳೇ" ಎಂದಳು ಗುತ್ಯಮ್ಮ. "ಜೀಪು ಖಾಲಿ ಹೋಗ್ಲಿ ಬಿಡು."